ಚೆಕ್‌ರೋಲ್ ಬುಕ್ಕಿನ ಹಿಂದೆ ನಾಲ್ಕು ಕೋಟಿ ಅಂಕಿಯ ನಂಬರ್

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡುರಾಂಟ್ ಅನ್ನೋರಿಗೆ ಒಂದು ಭಾರಿ ಅವಿಭಾಜ್ಯ ಸಂಖ್ಯೆ ಸಿಕ್ತಲ್ಲ, 13,62,79,841 ಎರಡುಗಳನ್ನ ಒಂದಕ್ಕೊಂದು ಗುಣಿಸಿ ಕೊನೆಗೆ ಒಂದು ಕಳೆದ್ರೆ ಬರೋದು, ಅದನ್ನ ನಾನು ಪೆನ್ನು ಪೇಪರಲ್ಲಿ ಎಷ್ಟು ದೂರ ಹಿಡಿದೆ ಅಂತ ಬರೀತೀನಿ. ಮೂಡಿಗೆರೆ ಕಡೆ ಎಸ್ಟೇಟಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯೋ ರೈಟರ್ ನಾನು, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ, ಟೈಮಿಗೇನು ಬರ.

ಮೊದಲು ಎಷ್ಟು ಅಂಕಿ ಅಂತ ನೋಡ್ದೆ. 2ರ ಲಾಗ್‌ನಿಂದ (10ನ್ನ ಎಷ್ಟನೇ ಘಾತಕ್ಕೆ ಏರಿಸಿದ್ರೆ 2 ಬರುತ್ತೋ ಆ ಸಂಖ್ಯೆಯಿಂದ) ಆ 13 ಕೋಟಿ ಚಿಲ್ಲರೆಯನ್ನ ಗುಣಿಸಿ, ದಶಾಂಶ ಬಿಟ್ಟು ಒಂದು ಕೂಡಿದ್ರೆ ಆಯ್ತು. ಆದ್ರೆ ಶಾಲೆ ಟೇಬಲ್‌ನ 0.3010 ಹಾಕಿದ್ರೆ ನಾಲ್ಕು ಸಾವಿರ ಅಂಕಿ ಕಮ್ಮಿ ಬರುತ್ತೆ, 0.30103 ಹಾಕಿದ್ರೆ ಒಂದೇ ಒಂದು ಅಂಕಿ ಜಾಸ್ತಿ. ಹತ್ತು ಸ್ಥಾನದ 0.3010299957 ಹಾಕಿದಾಗ 4,10,24,319.95 ಬಂತು, ಅಂದ್ರೆ 4,10,24,320 ಅಂಕಿ. ಆ ಬಿಟ್ಟ 0.95 ಅನ್ನೋ ಚೂರು ಸುಮ್ನೆ ಅಲ್ಲ, ಅದರಿಂದಾನೇ ನಂಬರ್ 8ರಿಂದ ಶುರು ಆಗುತ್ತೆ ಅಂತ ಹೇಳಬಹುದು. ನಮ್ ಸಾಹುಕಾರ್ರು ಬಗ್ಗಿ ನೋಡಿ "ಏನ್ರೀ ರೈಟ್ರೇ, ಈ ಸಲ ಬೋನಸ್ ಇಷ್ಟೊಂದಾ" ಅಂದ್ರು.

ನಂಗೆ ತುಂಬಾ ಹಿಡಿಸಿದ್ದು ಕೊನೆ ಎರಡು ಅಂಕಿ. 2ನ್ನ ಮತ್ತೆ ಮತ್ತೆ ಗುಣಿಸ್ತಾ ಕೊನೆ ಎರಡು ಅಂಕಿ ಮಾತ್ರ 02, 04, 08, 16, 32, 64, 28 ಅಂತ ಬರೀತಾ ಹೋದ್ರೆ 76 ಆಗಿ 52 ಆಗಿ ಮತ್ತೆ 04ಕ್ಕೇ ಬರುತ್ತೆ, ಇಪ್ಪತ್ತರ ಸುತ್ತು. ಘಾತವನ್ನ, ಅಂದ್ರೆ ಆ 13,62,79,841ನ್ನ, 20ರಿಂದ ಭಾಗಿಸಿದ್ರೆ ಶೇಷ 1, ಹಾಗಂತ 02 ತಗೋಬಾರದು ನೋಡಿ, ಯಾಕಂದ್ರೆ 02 ಶುರುವಲ್ಲಿ ಒಂದೇ ಸಲ ಬರೋದು, ಸುತ್ತಿಗೆ ಸೇರಿಲ್ಲ, ಮುಂದಿನವೆಲ್ಲ 4ರಿಂದ ಭಾಗ ಹೋಗಲೇಬೇಕು. ಅದರ ಜಾಗದಲ್ಲಿ ಇರೋದು 52. ಒಂದು ಕಳೀರಿ, ನಂಬರ್ 51ಕ್ಕೆ ಮುಗಿಯುತ್ತೆ. ಇದೇ ಥರ ನಂಬರನ್ನ 9ರಿಂದ ಭಾಗಿಸಿದ್ರೆ ಶೇಷ 4, 11ರಿಂದ ಭಾಗಿಸಿದ್ರೆ ಶೇಷ 1.

ಇದರಿಂದ ಅವಿಭಾಜ್ಯ ಹೌದೋ ಅಲ್ವೋ ಗೊತ್ತಾಗುತ್ತಾ ಅಂದ್ರೆ ಇಲ್ಲ, 7, 11, 13ರಿಂದ ಭಾಗಿಸಿ ನೋಡೋದೇ ದಂಡ. ಘಾತವೂ ಅವಿಭಾಜ್ಯ ಆಗಿರೋ ಈ ಜಾತಿ ನಂಬರಿಗೆ ಭಾಜಕ ಇದ್ರೆ ಅದು ಘಾತದ ಎರಡರಷ್ಟರ ಯಾವುದೋ ಗುಣಕಕ್ಕೆ ಒಂದು ಕೂಡಿದ್ದೇ ಆಗಿರಬೇಕು, 2047 ತಗೊಳ್ಳಿ, ಘಾತ 11, ಭಾಜಕ 23 ಮತ್ತು 89, ಎರಡೂ 22ರ ಗುಣಕಕ್ಕಿಂತ ಒಂದು ಜಾಸ್ತಿ. ಹಾಗಾಗಿ ನಮ್ಮ ನಂಬರಿಗೆ 27 ಕೋಟಿಗಿಂತ ಚಿಕ್ಕ ಅವಿಭಾಜ್ಯ ಯಾವುದೂ ಹತ್ತಿರಾನೂ ಬರಲ್ಲ.

ನಿಜವಾದ ಪರೀಕ್ಷೆ ಲ್ಯೂಕಾಸ್–ಲೆಹ್ಮರ್ ಅನ್ನೋ ಇಬ್ಬರು ಗಣಿತಜ್ಞರದ್ದು: 4ರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆದು, ಪರೀಕ್ಷಿಸೋ ನಂಬರಿಂದ ಭಾಗಿಸಿ ಶೇಷ ಇಟ್ಕೊಂಡು ಮತ್ತೆ ಅದನ್ನೇ ಮಾಡೋದು, ಘಾತಕ್ಕಿಂತ ಎರಡು ಕಮ್ಮಿ ಸಲ, ಕೊನೆಗೆ ಸೊನ್ನೆ ಬಂದ್ರೆ ಅವಿಭಾಜ್ಯ. 31ಕ್ಕೆ (ಐದು ಎರಡುಗಳನ್ನ ಗುಣಿಸಿ ಒಂದು ಕಳೆದದ್ದು, ಘಾತ 5) ಮಾಡಿ ನೋಡ್ದೆ, 4, 14, ಆಮೇಲೆ 194ರ ಶೇಷ 8, ಆಮೇಲೆ 62, ಅದು 31ರ ಎರಡರಷ್ಟು, ಸೊನ್ನೆ. ಮೂರೇ ಹೆಜ್ಜೆ. ದೊಡ್ಡದಕ್ಕೆ ಇದೇ ಕೆಲಸ 13,62,79,839 ಸಲ ಆಗಬೇಕು, ಹೆಚ್ಚುಕಮ್ಮಿ ಎಲ್ಲಾ ಸಲಾನೂ ನಾಲ್ಕು ಕೋಟಿ ಅಂಕಿಯ ನಂಬರಿನ ವರ್ಗ, ಇಂಥ ಎಷ್ಟೋ ನಂಬರುಗಳನ್ನ ಪರೀಕ್ಷಿಸೋಕೇ ಡುರಾಂಟ್ ಹದಿನೇಳು ದೇಶದ ಸರ್ವರ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಓಡಿಸಿದ್ದು.