ಜೆಕಿಲ್ ‘ಅವರು’, ಹೈಡ್ ‘ಅವನು’

ಎಂ.ಎ. ಇಂಗ್ಲಿಷ್ ಓದುವಾಗ ಗೋಥಿಕ್ ಕಾದಂಬರಿ (ಭಯ, ನಿಗೂಢತೆಯ ಕಥೆ) ಅಂತ ನಮಗಿದ್ದದ್ದು ಸ್ಟೀವನ್‌ಸನ್‌ನ ‘ಡಾ. ಜೆಕಿಲ್ ಅಂಡ್ ಮಿ. ಹೈಡ್’. 1886ರದ್ದು. ತೆಳ್ಳಗಿನ ಪುಸ್ತಕ, ಹತ್ತೇ ಅಧ್ಯಾಯ. ಎರಡು ಸಂಜೆಯಲ್ಲಿ ಮುಗಿಸಿದೆ. ಗೈಡಿನಲ್ಲಿದ್ದ ‘ಒಳಿತು ಕೆಡುಕಿನ ಹೋರಾಟ’ವನ್ನೇ ಇಂಟರ್ನಲ್ಸ್‌ನಲ್ಲಿ ಬರೆದು ಬಂದೆ. ಇಪ್ಪತ್ತಕ್ಕೆ ಎಂಟು.

ಎರಡನೇ ಸಲ ಓದುವಾಗ ಒಂದು ಶಿಸ್ತು ಹಾಕಿಕೊಂಡೆ. ಡಾಕ್ಟರ್ ಜೆಕಿಲ್ ಒಂದು ಔಷಧಿ ಕುಡಿದು ದುಷ್ಟ ಹೈಡ್ ಆಗುತ್ತಾನೆ, ಇಬ್ಬರೂ ಒಬ್ಬನೇ ಅನ್ನೋದು ನಮಗೆ ಮೊದಲೇ ಗೊತ್ತು, ಅಲ್ವಾ? ಅಂದಿನ ಓದುಗರಿಗೆ ಗೊತ್ತಿರಲಿಲ್ಲ. ಹಾಗಾಗಿ ಜೆಕಿಲ್‌ನ ಗೆಳೆಯ, ವಕೀಲ ಅಟರ್‌ಸನ್‌ಗೆ ಎಷ್ಟು ಗೊತ್ತೋ ಅಷ್ಟನ್ನೇ ಅಧ್ಯಾಯವಾರು ಬರೆಯುತ್ತಾ ಹೋದೆ. ಬೆಳಗಿನ ಜಾವ ಮೂರಕ್ಕೆ ಹೈಡ್ ಒಬ್ಬ ಪುಟ್ಟ ಹುಡುಗಿಯನ್ನು ತುಳಿದುಕೊಂಡು ಹೋಗುತ್ತಾನೆ. ಜನ ಹಿಡಿದು ನೂರು ಪೌಂಡ್ ಕೇಳುತ್ತಾರೆ. ಕರೆಗಂಟೆಯೂ ಇಲ್ಲದ ಒಂದು ಬಾಗಿಲಿನಿಂದ ಒಳಹೋಗಿ ಹತ್ತು ಪೌಂಡ್ ಚಿನ್ನದ ನಾಣ್ಯ, ಉಳಿದದ್ದಕ್ಕೆ ಚೆಕ್ ತರುತ್ತಾನೆ. ಸಹಿ ಮಾತ್ರ ಒಬ್ಬ ಮರ್ಯಾದಸ್ಥರದ್ದು. ಹೈಡ್ ಅವರನ್ನು ಬ್ಲ್ಯಾಕ್‌ಮೇಲ್ ಮಾಡುತ್ತಿದ್ದಾನೆ ಅಂತಲೇ, ಅಟರ್‌ಸನ್‌ನಂತೆ, ನಾನೂ ಬರೆದುಕೊಂಡೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಬೀದಿಯ ನಕ್ಷೆ ಗೀಚಿದಾಗಲೇ ಹೊಳೆದದ್ದು: ಆ ಹಾಳು ಬಾಗಿಲು ಜೆಕಿಲ್‌ನ ಭರ್ಜರಿ ಮನೆಯ ಹಿಂಬಾಗಿಲು.

ನಿಜವಾಗಿ ಒದ್ದಾಡಿದ್ದು ಕೊನೆಯ ಅಧ್ಯಾಯದಲ್ಲಿ. ಅದು ಜೆಕಿಲ್‌ನ ತಪ್ಪೊಪ್ಪಿಗೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನಾನು, ಅರ್ಥವಾಗದಿದ್ದರೆ ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸ. ಐವತ್ತು ವರ್ಷದ ಡಾಕ್ಟರ್, ದೊಡ್ಡ ಮನುಷ್ಯ. ಕೈ ತಾನಾಗಿಯೇ ‘ಅವರು’ ಅಂತ ಬರೆಯಿತು. ಹೈಡ್‌ಗೆ ‘ಅವನು’. ಅರ್ಧ ಪುಟ ಆದಮೇಲೆ ನೋಡಿದರೆ ತೀರ್ಪು ಆಗಲೇ ಕೊಟ್ಟುಬಿಟ್ಟಿದ್ದೆ. ಒಬ್ಬನೇ ಮನುಷ್ಯನಿಗೆ ಒಂದು ಮುಖಕ್ಕೆ ಬಹುವಚನ, ಇನ್ನೊಂದಕ್ಕೆ ಏಕವಚನ! ಔಷಧಿ ಕುಡಿಯುವ ಎಷ್ಟೋ ವರ್ಷ ಮೊದಲೇ ಎರಡು ಬಾಳು ಬಾಳುತ್ತಿದ್ದೆ ಅಂತ ಜೆಕಿಲ್ಲೇ ಒಪ್ಪಿಕೊಳ್ಳುತ್ತಾನೆ. ಇದಕ್ಕೆ ಔಷಧಿಯೇ ಬೇಕಿಲ್ಲ. ಸ್ಟೀವನ್‌ಸನ್‌ನ ಊರು ಎಡಿನ್‌ಬರೋದಲ್ಲೇ ಡೀಕನ್ ಬ್ರೋಡಿ ಅಂತ ಒಬ್ಬನಿದ್ದ. ಹಗಲು ಗೌರವಸ್ಥ ಬಡಗಿ, ರಾತ್ರಿ ಕಳ್ಳ. 1788ರಲ್ಲಿ ಗಲ್ಲಿಗೇರಿಸಿದರು. ಅವನು ಮಾಡಿದ ಬೀರು ಸ್ಟೀವನ್‌ಸನ್ ಚಿಕ್ಕಂದಿನಲ್ಲಿ ಮಲಗುತ್ತಿದ್ದ ಕೋಣೆಯಲ್ಲಿತ್ತು. ‘ಅವರು’ಗಳನ್ನೆಲ್ಲ ಹೊಡೆದುಹಾಕಿದೆ.

ಆಮೇಲೆ ಕ್ರಿಯಾಪದದ ಕಾಟ. ಇಂಗ್ಲಿಷಿನಲ್ಲಿ ಯಾರು ಹೊಡೆದರೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ‘ಹೊಡೆದೆ’ನೋ ‘ಹೊಡೆದ’ನೋ, ನಿರ್ಧಾರ ಮಾಡದೆ ವಾಕ್ಯ ಮುಗಿಯೋದಿಲ್ಲ. ಎರಡು ಪೆನ್ಸಿಲ್ ತಗೊಂಡೆ. ‘ನಾನು’ ಬಂದ ಕಡೆ ನೀಲಿ, ‘ಅವನು’ ಬಂದ ಕಡೆ ಕೆಂಪು.

ಮುದುಕ ಕೆರೂನನ್ನು ಹೈಡ್ ದೊಣ್ಣೆಯಿಂದ ಬಡಿದು ಕೊಲ್ಲುವ ಜಾಗ ಕೆಂಪಾಗಿರುತ್ತೆ ಅಂದುಕೊಂಡಿದ್ದೆ. ಪೂರ್ತಿ ನೀಲಿ. ಪ್ರತಿ ಏಟಿನಲ್ಲೂ ಸುಖಪಟ್ಟೆ ಅನ್ನುತ್ತಾನೆ. ಕೆಂಪು ಸಿಕ್ಕಿದ್ದು ಎಲ್ಲಿ ಗೊತ್ತಾ? ಹೋಟೆಲ್ ಕೋಣೆಯಲ್ಲಿ ಬೆಂಕಿ ಮುಂದೆ ಉಗುರು ಕಚ್ಚುತ್ತಾ ಕೂರುವಲ್ಲಿ, ರಾತ್ರಿ ಕುದುರೆಗಾಡಿಯಲ್ಲಿ ಸುಮ್ನೆ ಊರು ಸುತ್ತುವಲ್ಲಿ. ‘ಅವನು ಅನ್ನುತ್ತೇನೆ, ನಾನು ಅನ್ನಲಾರೆ’ ಅಂತ ಅಲ್ಲೇ ಹೇಳುತ್ತಾನೆ. ಕೊಲೆಗೆ ‘ನಾನು’, ಉಗುರು ಕಚ್ಚೋದಕ್ಕೆ ‘ಅವನು’!

ಇದಕ್ಕೆ ಗೈಡಿನಲ್ಲಿ ಉತ್ತರ ಇರಲಿಲ್ಲ. ನನಗೆ ತೋಚಿದ್ದು ಇಷ್ಟು: ಕೊಲೆಯ ಖುಷಿಯಲ್ಲಿ ಜೆಕಿಲ್‌ಗೆ ಪಾಲಿತ್ತು. ಆಮೇಲಿನ ಭಯವನ್ನು ಮಾತ್ರ ಹೈಡ್‌ನ ತಲೆಗೆ ಕಟ್ಟುತ್ತಿದ್ದಾನೆ. ಕೆಂಪು ಭಾಗದಲ್ಲಿ ಬೆಂಕಿಪೊಟ್ಟಣ ಹಿಡಿದು ಬಂದ ಹೆಂಗಸಿನ ಮುಖಕ್ಕೆ ಹೊಡೆಯೋದೂ ಇದೆ, ಆದರೆ ಅಲ್ಲಿ ಖುಷಿಯ ಸುಳಿವಿಲ್ಲ. ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. ನಾನು ಪರೀಕ್ಷೆಯಲ್ಲಿ ಇದನ್ನೇ ಬರೆದೆ.

ಒಂದು ಕಡೆ ಮಾತ್ರ ಪೆನ್ಸಿಲ್ ಇನ್ನೂ ಆಡಿಲ್ಲ. ಪುಸ್ತಕದ ಕೊನೆಯ ವಾಕ್ಯದಲ್ಲಿ, ಆ ಹತಭಾಗ್ಯ ಹೆನ್ರಿ ಜೆಕಿಲ್‌ನ ಬಾಳನ್ನು ‘ನಾನು’ ಮುಗಿಸುತ್ತಿದ್ದೇನೆ ಅಂತ ಬರುತ್ತದೆ. ಬರೆಯುತ್ತಿರುವವನೇ ಜೆಕಿಲ್.