ಮೇ ತಿಂಗಳ ಗೋಕರ್ಣ, ಜುಲೈ ತಿಂಗಳ ಶಿರಸಿ: ಎರಡೂ ಕಡೆ ಬಾಡಿಗೆಗೆ ಇದ್ದು ನೋಡಿದ ಮೇಲೆ

ಕೊನೆಗೂ ಮನೆ ನಮ್ಮ ಹೆಸರಿಗೆ ಆಯಿತು. ಶಿರಸಿಯಿಂದ ಹದಿನೈದು ಕಿ.ಮೀ. ಒಳಗೆ, ಸುತ್ತ ಅಡಿಕೆ ತೋಟ, ಹತ್ತು ಹನ್ನೆರಡು ಮನೆಯ ಊರು. ನಾವು ಇದನ್ನು ಆರಿಸಿದ ರೀತಿಯನ್ನು ಆಗ ಯಾರೂ ಒಪ್ಪಿರಲಿಲ್ಲ. "ಎರಡು ಕಡೆ ಬಾಡಿಗೆ ಕಟ್ಟೋ ದುಡ್ಡಲ್ಲಿ ಒಂದು ಬಾವಿ ತೋಡಿಸಬಹುದಿತ್ತು ಮಾರಾಯ" ಅಂತ ಭಾವ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಈಗ ಅವರೇ ಪರಿಚಯದವರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಬೆಂಗಳೂರು ಬಿಡುವುದು ಮೊದಲೇ ತೀರ್ಮಾನ ಆಗಿತ್ತು. ನನ್ನದು ಲೆಕ್ಕಪತ್ರದ ಕೆಲಸ, ನೆಟ್ ಇದ್ದರೆ ಎಲ್ಲಿಂದಲಾದರೂ ನಡೆಯುತ್ತದೆ. ಹೆಂಡತಿಗೆ ಕಡಲು ಬೇಕು, ನನಗೆ ಸದ್ದಿಲ್ಲದ ಊರು ಬೇಕು. ಕರಾವಳಿ ಎಲ್ಲರ ಕಣ್ಣಿಗೂ ಡಿಸೆಂಬರ್‌ನಲ್ಲಿ ಚೆಂದ, ಘಟ್ಟದ ಮೇಲೆ ಅಕ್ಟೋಬರ್‌ನಲ್ಲಿ ಚೆಂದ. ಆ ತಿಂಗಳಲ್ಲಿ ಬಂದು ಅಡ್ವಾನ್ಸ್ ಕೊಟ್ಟು, ಒಂದೆರಡು ವರ್ಷಕ್ಕೆ ಬಂದ ರೇಟಿಗೆ ಮಾರಿ ಹೋದವರನ್ನು ನೀವೂ ನೋಡಿರುತ್ತೀರಿ. ನಾವು ಉಲ್ಟಾ ಮಾಡಿದೆವು. ಗೋಕರ್ಣದಲ್ಲಿ ಸೀಸನ್ನಿನ ಗದ್ದಲ ಮತ್ತು ಮೇ ತಿಂಗಳ ಸೆಕೆ, ಶಿರಸಿ ಕಡೆ ಪೂರ್ತಿ ಮಳೆಗಾಲ. ಎರಡನ್ನೂ ಕಳೆದ ಮೇಲೇ ದುಡ್ಡು ಬಿಚ್ಚುವುದು ಅಂತ ಪಟ್ಟು ಹಿಡಿದೆ.

ಗೋಕರ್ಣದಲ್ಲಿ ಸಿಕ್ಕಿದ್ದು ಕುಡ್ಲೆ ಬೀಚ್ ಕಡೆಗೆ ಎರಡು ಕೋಣೆಯ ಮನೆ. ಬಾಡಿಗೆ ತಿಂಗಳಿಗೆ 12 ಸಾವಿರದ ಆಸುಪಾಸು. ಡಿಸೆಂಬರ್ ನಡುವೆ ಮಾಲೀಕರು ಬಂದು, ಹೊಸ ವರ್ಷ ಮುಗಿಯೋತನಕ ಒಂದೋ 25 ಸಾವಿರ ಕೊಡಿ, ಇಲ್ಲ ಹಿಂದಿನ ಕೋಣೆಗೆ ಹೋಗಿ ಅಂದರು. ಅವರ ಲೆಕ್ಕ ಅವರಿಗೆ ಸರಿ, ದಿನಕ್ಕೆ ಎರಡು ಸಾವಿರ ಕೊಡುವವರು ಬಾಗಿಲಲ್ಲಿ ನಿಂತಿರುತ್ತಾರೆ. ನಾವು ಹಿಂದಿನ ಕೋಣೆಗೆ ಹೋದೆವು. ಶನಿವಾರ ಬೆಳಿಗ್ಗೆ ಬೆಂಗಳೂರು ಬಸ್ಸುಗಳು ಬಂದು ನಿಂತರೆ, ಭಾನುವಾರ ರಾತ್ರಿ ಅವು ಹೋಗುವ ತನಕ ಊರು ಊರಿನವರದಲ್ಲ. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ತಿಳಿಯುವಷ್ಟರಲ್ಲಿ ಅವರು ಖಾಲಿ ಮಾಡಿರುತ್ತಿದ್ದರು.

ಇದನ್ನೆಲ್ಲ ಸಹಿಸಬಹುದಿತ್ತು. ನಮ್ಮ ಮನಸ್ಸು ತಿರುಗಿಸಿದ್ದು ನೀರು ಮತ್ತು ಉಪ್ಪುಗಾಳಿ. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಸಾಧನ) ಒಂದು ಇಟ್ಟುಕೊಂಡು ವಾರಕ್ಕೊಮ್ಮೆ ಬಾವಿ ನೀರಿಗೆ ಅದ್ದುತ್ತಿದ್ದೆ. ಜನವರಿಯಲ್ಲಿ 250ರ ಸುತ್ತ ಇದ್ದದ್ದು ಮೇ ಹೊತ್ತಿಗೆ ಸಾವಿರ ದಾಟಿತು. ಚಹಾ ಒಡೆಯುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ. ಕೊನೆಕೊನೆಗೆ ಟ್ಯಾಂಕರ್ ತರಿಸಿದೆವು.

ಉಪ್ಪುಗಾಳಿಗೆ ನಾನೇ ಒಂದು ಪರೀಕ್ಷೆ ಮಾಡಿದೆ. ಅಂಗಡಿಯಿಂದ ಹೊಸ ಕಬ್ಬಿಣದ ಮೊಳೆ ತಂದು, ಈರುಳ್ಳಿ ಬಲೆಚೀಲದಲ್ಲಿ ಒಂದೊಂದು ಹಿಡಿ ಕಟ್ಟಿ ನಾಲ್ಕು ಕಡೆ ನೇತುಹಾಕಿದೆ. ನಮ್ಮ ಜಗಲಿಯಲ್ಲಿ ಒಂದು, ಅಲ್ಲಿಂದ ಕಡಲು ನೂರು ಮೀಟರ್ ಇರಬಹುದು. ರಥಬೀದಿ ಹತ್ತಿರ ಒಂದು, ಗೋಕರ್ಣ ರೋಡ್ ರೈಲು ಸ್ಟೇಷನ್ ಕಡೆ ಗೆಳೆಯರ ಮನೆಯಲ್ಲಿ ಒಂದು, ಶಿರಸಿಯಲ್ಲಿ ಒಂದು. ಒಂದು ತಿಂಗಳ ಮೇಲೆ ಬಿಚ್ಚಿದೆ. ಜಗಲಿಯ ಮೊಳೆಗಳು ಒಂದಕ್ಕೊಂದು ಹಿಡಿದುಕೊಂಡು ಗಂಟಾಗಿದ್ದವು, ಕುಟ್ಟಿದರೆ ಕಂದು ಪುಡಿ, ಕೆಳಗೆ ಚಕ್ಕೆ ಚಕ್ಕೆ. ರಥಬೀದಿಯವು ಮೇಲೆ ಮಾತ್ರ ಕೆಂಪಗೆ, ಒರೆಸಿದರೆ ಬಳಸಬಹುದು. ಸ್ಟೇಷನ್ ಕಡೆಯವಕ್ಕೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಶಿರಸಿಯವು ಹೊಸದರ ಹಾಗೇ ಇದ್ದವು. ಜುಲೈನಲ್ಲಿ ಅಲ್ಲೂ ತುಕ್ಕು ಹಿಡಿಯಿತು ಅನ್ನಿ, ಆದರೆ ಚಕ್ಕೆ ಏಳಲಿಲ್ಲ.

ಇದರ ಜೊತೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇಟ್ಟು ನೋಡಿ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಮನೆ ಕಟ್ಟಲು ನಿರ್ಬಂಧಗಳ ತಾಪತ್ರಯ ಇದೆ. ಬಾಗಿಲು ತೆಗೆದರೆ ಕಡಲು ಕಾಣುವ ಜಾಗ ಬಹುತೇಕ ಆ ಪಟ್ಟಿಯಲ್ಲೇ ಇರುತ್ತದೆ, ಮೊಳೆ ಪುಡಿಯಾಗುವುದೂ ಅಲ್ಲೇ. ಕಾನೂನೂ ಉಪ್ಪೂ ಕಾಡದ ಜಾಗಕ್ಕೆ ಬಂದರೆ ಕಡಲು ಕಾಣಲ್ಲ. ಹಾಗಾದ ಮೇಲೆ ಕಡಲಿಗೆ ಗಾಡಿಯಲ್ಲೇ ಹೋಗಬೇಕು ತಾನೆ? ಐದು ನಿಮಿಷ ಹೋಗುವುದಕ್ಕೂ ಒಂದೂಮುಕ್ಕಾಲು ತಾಸು ಹೋಗುವುದಕ್ಕೂ ಇರುವ ವ್ಯತ್ಯಾಸಕ್ಕೆ ಗುಂಟೆಗೆ ಹತ್ತು ಲಕ್ಷ ಜಾಸ್ತಿ ಕೊಡಬೇಕಾ? ಹೆಂಡತಿ ಒಪ್ಪಿದ್ದು ಈ ಲೆಕ್ಕಕ್ಕೆ.

ಜೂನ್ ಮೊದಲ ವಾರ ಘಟ್ಟ ಹತ್ತಿದೆವು. ಹಳೇ ಮನೆಯೊಂದರ ಅರ್ಧ ಭಾಗ, ಬಾಡಿಗೆ 4 ಸಾವಿರ. ಅದನ್ನು ಹೇಗೆ ಹುಡುಕಿದೆ ಅನ್ನುವುದನ್ನು ಹೇಳಲ್ಲ, ಬ್ರೋಕರ್ ಇಂದ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ಜುಲೈ ನಿಜಕ್ಕೂ ಹಣ್ಣು ಮಾಡಿತು. ಕರೆಂಟ್ ಹೋದರೆ ಮೂರು ದಿನ ಇಲ್ಲ. ಎರಡು ಸೋಲಾರ್ ಪ್ಯಾನಲ್ ತಂದು ಅಂಗಳದಲ್ಲಿಟ್ಟು ನೋಡಿದೆ, ಇಪ್ಪತ್ತು ಸಾವಿರ ಹೋಯಿತು. ಆ ಮೋಡದಲ್ಲಿ ಫೋನ್ ಚಾರ್ಜ್ ಆದರೆ ಹೆಚ್ಚು. ಇನ್ವರ್ಟರ್ ಬ್ಯಾಟರಿ ತುಂಬಬೇಕಾದರೆ ಕರೆಂಟ್ ಬರಬೇಕಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಸೆಕೆಂಡ್ ಹ್ಯಾಂಡ್ ಸಣ್ಣ ಜನರೇಟರ್, 18 ಸಾವಿರ ಇರಬೇಕು. ದಿನಕ್ಕೆ ಎರಡು ತಾಸು ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳುವುದು. ಇಂಟರ್ನೆಟ್ಟಿನ ಫೈಬರ್ ಡಬ್ಬಿಗೆ ಬೇರೆಯದೇ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದೆ. ಸಾವಿರದ ಚಿಲ್ಲರೆ ರೂಪಾಯಿ, ಇಡೀ ಮಳೆಗಾಲದಲ್ಲಿ ಇಷ್ಟು ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ. ಆದರೂ ಮರ ಬಿದ್ದು ಕೇಬಲ್ಲೇ ತುಂಡಾದರೆ ಏನೂ ಮಾಡಲಾಗದು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆ ದಿನ, 20ನೇ ತಾರೀಖಿಗೆ ಸರಿಯಾಗಿ ಹಾಗೇ ಆಯಿತು. ಶಿರಸಿ ಪೇಟೆಯಲ್ಲಿ ಒಬ್ಬರ ಆಫೀಸಿನ ಮೂಲೆಯಲ್ಲಿ ಕೂತು ಎಲ್ಲ ಫೈಲಿಂಗ್ ಮುಗಿಸಿದೆ. ಅಂದಿನಿಂದ ಆ ಮೂಲೆಗೆ ತಿಂಗಳಿಗೆ 500 ಕೊಟ್ಟು ಕಾಯಂ ಇಟ್ಟುಕೊಂಡಿದ್ದೇನೆ.

ಬೂಸ್ಟು ಇನ್ನೊಂದು ಕಾಟ. ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆವು, ಹೊಗೆ ವಾಸನೆ ಅಭ್ಯಾಸ ಆಗುತ್ತೆ. ಕಾಗದಪತ್ರ, ಕ್ಯಾಮೆರಾ ಲೆನ್ಸ್‌ಗೆ ಅಟ್ಟದಲ್ಲಿ ಒಂದು ಪೆಟ್ಟಿಗೆ ಮಾಡಿಕೊಂಡಿದ್ದೇನೆ. ಆಗಸ್ಟ್‌ನಲ್ಲೂ ಅದರಲ್ಲಿ ಒಂದು ಚುಕ್ಕೆ ಬೂಸ್ಟು ಬರಲಿಲ್ಲ. ಅದರೊಳಗೆ ಏನಿದೆ ಅಂತ ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಗೋಡೆಗೆ ಮಳೆ ಬಡಿಯದಂತೆ ಸೋಗೆ (ಅಡಿಕೆ ಗರಿ) ತಟ್ಟಿ ಕಟ್ಟಿಸುವುದನ್ನು ಮೇ ತಿಂಗಳಲ್ಲೇ ಮುಗಿಸಿ, ಜೂನ್‌ನಲ್ಲಿ ಆಳು ಸಿಗಲ್ಲ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು. ಚಳಿಗಾಲದಿಂದ ಬೇಸಿಗೆ ತನಕ ಮಂಗನ ಕಾಯಿಲೆಯ ಭಯ ಇದೆ, ಸಿದ್ದಾಪುರ ಕಡೆ ಜಾಸ್ತಿ. ಆ ತಿಂಗಳಲ್ಲಿ ಸುಮ್ನೆ ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಅದನ್ನು ಹರಡುವ ಉಣುಗು (ಉಣ್ಣೆ ಹುಳ) ಕಚ್ಚದಂತೆ ಕೊಡುವ ಎಣ್ಣೆ ಹಚ್ಚಿ. ದೊಡ್ಡ ಆಸ್ಪತ್ರೆ ವಿಷಯದಲ್ಲಿ ಘಟ್ಟದ ಮೇಲೆ ಕೆಳಗೆ ಎರಡೂ ಒಂದೇ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು.

ಇಷ್ಟೆಲ್ಲ ಕಷ್ಟ ಪಟ್ಟರೂ ಬಿಡಲಿಲ್ಲ, ಏಕೆಂದರೆ ಇಲ್ಲಿನ ಕಷ್ಟಕ್ಕೆಲ್ಲ ಒಂದು ಉಪಾಯ ಸಿಕ್ಕಿತು. ಗೋಕರ್ಣದ ಹಾಗೆ ಬಾವಿಗೆ ಉಪ್ಪು ಬಂದರೆ ಏನು ಉಪಾಯ? ಜನರೂ ಹಾಗೇ. ಮೊದಲ ಎರಡು ತಿಂಗಳು ದೂರದಿಂದಲೇ ನೋಡಿದರು. ಮರ ಬಿದ್ದ ದಿನ ನಾನೂ ಕತ್ತಿ ಹಿಡಿದು ಹೋದೆ. ಆಮೇಲೆ ಯಾರ ಮನೆ ಮುಂದೆ ಹೋದರೂ "ಆಸರಿಗೆ (ಕುಡಿಯಲು ಏನಾದರೂ) ಬೇಕಾ" ಅಂತ ಒಳಗೆ ಕರೆಯುತ್ತಾರೆ.

ನಡುವೆ ಈರುಳ್ಳಿ ಪ್ರಯೋಗವೂ ನಡೆಯಿತು. ಕುಮಟಾದ ಸಿಹಿ ಈರುಳ್ಳಿ ನಮಗೆ ಬಹಳ ಇಷ್ಟ. ಹೆದ್ದಾರಿ ಪಕ್ಕ ಜಡೆ ಕಟ್ಟಿ ನೇತುಹಾಕುತ್ತಾರಲ್ಲ, ಅದೇ. ಬೀಜ ತಂದು, ಹೊಳೆ ಮರಳು ಸೇರಿಸಿ ಎರಡು ಮಡಿ ಮಾಡಿದೆ. ಎಲೆ ಮೊಳದುದ್ದ ಬಂತು, ಗಡ್ಡೆ ಗೋಲಿಯಷ್ಟು. ಈ ಸಲ ಮಣ್ಣು ಬದಲಿಸಿ ಮತ್ತೆ ಹಾಕುತ್ತೇನೆ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಎರಡು ಕಡೆ ಬಾಡಿಗೆ, ಸಾಗಾಟ, ಟ್ಯಾಂಕರ್, ಜನರೇಟರ್ ಎಲ್ಲ ಸೇರಿ ಎರಡೂವರೆ ಲಕ್ಷ ಆಗಿರಬಹುದು. ಗೋಕರ್ಣದಲ್ಲಿ ನಮಗೆ ತೋರಿಸಿದ ಮೂರು ಗುಂಟೆಗೆ 35 ಲಕ್ಷ ಕೇಳಿದ್ದರು. ಇಲ್ಲಿ ಹಳೇ ಮನೆ, ಬಾವಿ, ಹಿತ್ತಲು ಸೇರಿ 16ಕ್ಕೆ ಮುಗಿಯಿತು, ರಿಪೇರಿಗೆ ಇನ್ನೂ ನಾಲ್ಕು. ಭೂಸುಧಾರಣೆ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾರುವವರು ಮನೆಯ ಜೊತೆ ತೋಟವನ್ನೂ ತಲೆಗೆ ಕಟ್ಟಲು ನೋಡುತ್ತಾರೆ. ನಾವು ಮುಟ್ಟಲಿಲ್ಲ. ಅಡಿಕೆಯ ಕೊಳೆ ರೋಗ, ಎಲೆಚುಕ್ಕಿ ರೋಗ, ಅಡಿಕೆ ಗೊನೆ ಕೊಯ್ಯುವವರ ಕೊರತೆ ನೋಡಿಯೂ ತೋಟ ತಗೊಳ್ಳುವುದಾದರೆ ಅದು ಬೇರೆ ಕಸುಬು. ಮನೆಗೆ ಇ-ಸ್ವತ್ತಿನ (ಗ್ರಾಮ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11 ಇಲ್ಲದಿದ್ದರೆ ಮಾತೇ ಮುಂದುವರಿಸಬೇಡಿ. ನಾವು ಇಷ್ಟಪಟ್ಟ ಒಂದು ಮನೆಯ ಕೊಟ್ಟಿಗೆ, ಬಚ್ಚಲು ಎರಡೂ ಬೆಟ್ಟದ ಜಾಗದಲ್ಲಿದ್ದವು, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡಿನಲ್ಲಿ.

ಹದಿನೈದು ದಿನಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತೇವೆ. ಮೀನೂಟ ಮುಗಿಸಿ, ಹೆಂಡತಿ ಸಂಜೆ ತನಕ ದಂಡೆಯಲ್ಲಿ ಕೂರುತ್ತಾಳೆ. ಮಳೆಗಾಲದಲ್ಲಿ ಘಟ್ಟ ಬಂದ್ ಆದರೆ ಹೋಗಲ್ಲ. ಜೂನ್, ಜುಲೈ ಹೇಗೂ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ.

ನೀವೂ ಹೀಗೆ ಮಾಡುವುದಾದರೆ ಕರಾವಳಿಯ ಬಾಡಿಗೆ ಕರಾರನ್ನು 11 ತಿಂಗಳಿಗೆ ಮಾಡಿಸಿ. ಡಿಸೆಂಬರ್ ಬಾಡಿಗೆ ಎಷ್ಟು ಅಂತ ಅದರಲ್ಲೇ ಬರೆಸಿ.