ಗಾಡಿ ಚಾವಿ, ರಿಮೋಟ್, ಸೈರನ್: ಬಾಡಿಗೆ ಓಡಿಸುತ್ತ ಕಲಿತಿದ್ದು

ನಾನು ವಿಜಯಪುರದಲ್ಲಿ ಬಾಡಿಗೆ ಗಾಡಿ ಓಡಿಸುತ್ತೇನೆ. ಮನೆ ಮುಂದೆ ಎರಡು ಗಾಡಿ ಇವೆ. ಒಂದು ಹಳೆಯ ಸೆಡಾನ್, ಚಾವಿ ತಿರುಗಿಸಿ ಚಾಲು ಮಾಡುವಂಥದ್ದು. ಇನ್ನೊಂದು ಏಳು ಸೀಟಿನದು, ಬಟನ್ ಒತ್ತಿದರೆ ಚಾಲು ಆಗುತ್ತದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ ತೋರಿಸಿ, ಆಮೇಲೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಕಡೆ ಕರೆದೊಯ್ಯುವುದು ನಮ್ಮ ಕೆಲಸ. ಇಷ್ಟು ವರ್ಷದಲ್ಲಿ ಇಂಜಿನ್ ದಾರಿಯಲ್ಲಿ ನಿಂತಿದ್ದು ಕಡಿಮೆ. ಚಾವಿ ಮತ್ತು ಲಾಕಿನ ತಕರಾರೇ ಜಾಸ್ತಿ. ಗಾಡಿ ಸರಿ ಇರುತ್ತದೆ, ಡೀಸೆಲ್ ಇರುತ್ತದೆ, ಡ್ರೈವರ್ ಮಾತ್ರ ಹೊರಗೆ ನಿಂತಿರುತ್ತಾನೆ.

"ಅಣ್ಣಾ, ಚಾವಿ ಕೆಟ್ಟೈತಿ ನೋಡ್ರಿ" ಅಂತ ಸ್ಟ್ಯಾಂಡಿನ ಹುಡುಗರು ಬರುತ್ತಾರೆ. "ಚಾವಿಯೊಳಗ ಏನು ಕೆಟ್ಟೈತಿ?" ಅಂತ ನಾನು ತಿರುಗಿ ಕೇಳುತ್ತೇನೆ. ಈಗಿನ ಚಾವಿಯಲ್ಲಿ ಮೂರು ಸಾಮಾನು ಒಂದೇ ಪ್ಲಾಸ್ಟಿಕ್ ಕವಚದಲ್ಲಿ ಕೂತಿರುತ್ತವೆ. ಒಂದು, ಹಲ್ಲು ಕೊರೆದ ಕಬ್ಬಿಣದ ಪಟ್ಟಿ. ಎರಡು, ಬಾಗಿಲು ಲಾಕ್, ಅನ್‌ಲಾಕ್ ಮಾಡುವ ರಿಮೋಟ್. ಮೂರು, ಇಂಜಿನ್ ಚಾಲು ಆಗಲು ಪರವಾನಗಿ ಕೊಡುವ ಚಿಪ್. ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ಒಂದು ಸತ್ತರೂ ಉಳಿದೆರಡು ಕೆಲಸ ಮಾಡುತ್ತವೆ. ಯಾವುದು ಸತ್ತಿದೆ ಅಂತ ನಾವೇ ಗುರುತಿಸಿದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ರಿಮೋಟಿನಿಂದ ಶುರು ಮಾಡೋಣ, ಎಲ್ಲಕ್ಕಿಂತ ಹೆಚ್ಚು ಕಾಡುವುದು ಅದೇ. ಅದು ರೇಡಿಯೊ, ಅದಕ್ಕೆ ಸೆಲ್ ಬೇಕು. ನಮ್ಮ ದೇಶದ ಬಹಳ ಗಾಡಿಗಳ ರಿಮೋಟ್ 433 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಮಾತಾಡುತ್ತದೆ. ಸೆಲ್ ಸಾಯುವ ಮುಂಚೆ ಸೂಚನೆ ಕೊಡುತ್ತದೆ. ಮೊದಲು ರಸ್ತೆಯ ಆ ಕಡೆಯಿಂದ ಒತ್ತಿದರೂ ಇಂಡಿಕೇಟರ್ ಮಿಣಕ್ ಅನ್ನುತ್ತಿತ್ತು. ಆಮೇಲೆ ಗಾಡಿ ಹತ್ತಿರ ಹೋಗಬೇಕು. ಆಮೇಲೆ ಎರಡು ಮೂರು ಸಲ ಒತ್ತಬೇಕು. ಆ ಹಂತಕ್ಕೆ ಬಂತು ಅಂದರೆ ನಾನು ಕಾಯುವುದಿಲ್ಲ, ಅಂದೇ ಸೆಲ್ ಬದಲಿಸುತ್ತೇನೆ.

ಸೆಲ್ ಮೇಲೆ ಸಿಆರ್2032 ಅಂತ ಬರೆದಿದ್ದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಅಂತ ಅರ್ಥ. 2016 ಅಂದರೆ ಅಗಲ ಅಷ್ಟೇ, ದಪ್ಪ 1.6. ಎರಡೂ 3 ವೋಲ್ಟ್. ಅಂಗಡಿಯವರು "ಇದೂ ನಡೀತದ" ಅಂತ ತೆಳ್ಳನೆಯದನ್ನು ಕೊಟ್ಟರೆ ತಗೊಳ್ಳಬೇಡಿ. ಕೂತ ಹಾಗೆ ಕಾಣುತ್ತದೆ, ಗಾಡಿ ಕುಣಿದಾಗ ಸಂಪರ್ಕ ತಪ್ಪುತ್ತದೆ. ಹಳೆಯ ಸೆಲ್ ತೆಗೆದು ಅದರ ಮೇಲಿನ ನಂಬರ್ ತೋರಿಸಿಯೇ ಹೊಸದು ಕೊಳ್ಳುತ್ತೇನೆ. ಕವಚದ ಅಂಚಿನ ಸಣ್ಣ ಸಂದಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಪ್ಲಸ್ ಯಾವ ಕಡೆ ಇತ್ತು ಅಂತ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ. ನಮ್ಮ ಬೇಸಿಗೆಯ ಬೆವರುಗೈ ಅದರ ಮುಖಕ್ಕೆ ತಾಗದಿದ್ದರೆ ಒಳ್ಳೆಯದು. ಸೆಲ್ ಬದಲಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಏನೂ ಪ್ರೋಗ್ರಾಂ ಮಾಡಿಸಬೇಕಿಲ್ಲ. ಅದಕ್ಕೂ ಯಾರಾದರೂ ದುಡ್ಡು ಕೇಳಿದರೆ ಸುಮ್ನೆ ಎದ್ದು ಬನ್ನಿ.

ಹೊಸ ಸೆಲ್ ಹಾಕಿದರೂ ಕೆಲಸ ಮಾಡದಿದ್ದರೆ ಬಟನ್ ಕೆಳಗಿನ ರಬ್ಬರ್ ನೋಡುತ್ತೇನೆ. ಮೇ ತಿಂಗಳ ಧೂಳು ಅಲ್ಲೆಲ್ಲ ಸೇರಿರುತ್ತದೆ. ಇನ್ನು ನೀರು. ಕೂಡಲಸಂಗಮದಲ್ಲಿ ಹೊಳೆಗೆ ಇಳಿದವರು ಎಷ್ಟೋ ಮಂದಿ ಚಾವಿ ಜೇಬಿನಲ್ಲೇ ಇಟ್ಟುಕೊಂಡು ಮುಳುಗು ಹಾಕುತ್ತಾರೆ. ಒದ್ದೆಯಾದ ಕೂಡಲೇ ಬಟನ್ ಒತ್ತಿ ನೋಡುವ ಚಟ ಎಲ್ಲರಿಗೂ. ಒತ್ತಬಾರದು. ಮೊದಲು ಸೆಲ್ ತೆಗೆಯಬೇಕು, ಒರೆಸಬೇಕು, ನೆರಳಲ್ಲಿ ಬಿಚ್ಚಿಟ್ಟು ಪೂರ್ತಿ ಒಣಗಿಸಬೇಕು. ಒಳಗಿನ ಸರ್ಕ್ಯೂಟ್ ಪ್ಲೇಟ್ ಒದ್ದೆ ಇದ್ದಾಗ ಕರೆಂಟ್ ಹರಿದರೇ ಹೆಚ್ಚು ಹಾಳು.

ಮಕ್ಕಳ ಕೈಗೆ ಚಾವಿ ಕೊಡುವವರಿಗೆ ಒಂದು ಮಾತು. ರಿಮೋಟ್ ಪ್ರತಿ ಸಲ ಹೊಸ ಕೋಡ್ ಕಳಿಸುತ್ತದೆ. ಹಳೆಯ ಕೋಡನ್ನು ಕಳ್ಳ ಹಿಡಿದಿಟ್ಟುಕೊಂಡರೂ ಅದು ನಡೆಯುವುದಿಲ್ಲ. ಗಾಡಿ ಮುಂದಿನ ಒಂದಷ್ಟು ಕೋಡುಗಳನ್ನು ಮಾತ್ರ ಒಪ್ಪುತ್ತದೆ. ಮನೆಯಲ್ಲಿ ಕೂತ ಮಗು ಗಾಡಿಗೆ ಕೇಳಿಸದಷ್ಟು ದೂರದಿಂದ ಒತ್ತುತ್ತಲೇ ಹೋದರೆ ಲೆಕ್ಕ ತಪ್ಪುತ್ತದೆ. ಹತ್ತಿರ ಹೋಗಿ ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಕೆಲವು ಗಾಡಿಗಳಲ್ಲಿ ತಾನೇ ಸರಿಹೋಗುತ್ತದೆ. ಇಲ್ಲವೆಂದರೆ ರಿಮೋಟನ್ನು ಗಾಡಿಗೆ ಮತ್ತೆ ಪರಿಚಯ ಮಾಡಿಸಬೇಕಾಗುತ್ತದೆ.

ಈಗ ಚಿಪ್. ಇದಕ್ಕೆ ಸೆಲ್ ಬೇಡ. ಸ್ಟೇರಿಂಗ್ ಕೆಳಗೆ ಚಾವಿ ತೂರಿಸುವ ಜಾಗದ ಸುತ್ತ ತಂತಿಯ ಸುರುಳಿ ಇರುತ್ತದೆ. ಚಾವಿ ಆನ್ ಮಾಡಿದಾಗ ಚಿಪ್ ಆ ಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ಹೊಂದಿದರೆ ಇಂಜಿನ್ ಚಾಲು. ಇಲ್ಲದಿದ್ದರೆ ಕೆಲವು ಗಾಡಿಯಲ್ಲಿ ಸೆಲ್ಫ್ ಹೊಡೆಯುವುದೇ ಇಲ್ಲ. ಕೆಲವದರಲ್ಲಿ ಚಾಲು ಆಗಿ ಆ ಕ್ಷಣವೇ ಆರಿಹೋಗುತ್ತದೆ. ಮೀಟರಿನಲ್ಲಿ ಚಾವಿ ಅಥವಾ ಬೀಗದ ಗುರುತಿನ ದೀಪ ಮಿನುಗುತ್ತದೆ. ಆ ದೀಪ ಮಿನುಗುವಾಗ ಧಕ್ಕಾ ಹೊಡೆಯುವುದು ದಂಡ. ಜಾತ್ರೆಯಲ್ಲಿ ಹತ್ತು ಜನ ಸೇರಿ ನೂಕಿದರೂ ಆ ಇಂಜಿನ್ ಏಳುವುದಿಲ್ಲ.

ಆಗ ನಾನು ಮಾಡುವುದು ಇಷ್ಟೇ. ರಿಂಗಿನಲ್ಲಿ ಬೇರೆ ಗಾಡಿಯ ಚಿಪ್ ಚಾವಿ ಇದ್ದರೆ ತೆಗೆದು ದೂರ ಇಡುತ್ತೇನೆ. ಎರಡು ಚಿಪ್ ಒಟ್ಟಿಗೆ ಇದ್ದರೆ ಗಾಡಿ ಗೊಂದಲಕ್ಕೆ ಬೀಳಬಹುದು. ಚಾವಿ ಹೊರತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕುತ್ತೇನೆ. ಆಮೇಲೆ ಎರಡನೇ ಚಾವಿ ಹಾಕಿ ನೋಡುತ್ತೇನೆ. ಎರಡನೆಯದರಲ್ಲಿ ಚಾಲು ಆದರೆ ದೋಷ ಮೊದಲನೇ ಚಾವಿಯದು. ಎರಡರಲ್ಲೂ ಆಗದಿದ್ದರೆ ಗಾಡಿಯ ಕಡೆಯದು. ಮೆಕ್ಯಾನಿಕ್‌ಗೆ ಫೋನ್ ಮಾಡಿ ಇಷ್ಟು ಹೇಳಿದರೆ ಅವನು ಸರಿಯಾದ ಸಾಮಾನು ಹಿಡಿದು ಬರುತ್ತಾನೆ.

ಚಿಪ್ಪಿನ ವಿಷಯದಲ್ಲಿ ನಮ್ಮ ಕಡೆ ಪದೇಪದೇ ನಡೆಯುವ ಎಡವಟ್ಟು ಒಂದಿದೆ. ಮಡಚುವ ಚಾವಿಯ ಕವಚ ಒಡೆಯುತ್ತದೆ. ಮಾರ್ಕೆಟಿನಲ್ಲಿ ಸ್ವಲ್ಪ ದುಡ್ಡಿಗೆ ಹೊಸ ಕವಚ ಸಿಗುತ್ತದೆ. ರಿಮೋಟಿನ ಪ್ಲೇಟ್ ತೆಗೆದು ಹೊಸದಕ್ಕೆ ಹಾಕುತ್ತಾರೆ, ಹಳೆಯ ಕವಚ ಕಸಕ್ಕೆ ಎಸೆಯುತ್ತಾರೆ. ಬಾಗಿಲು ತೆಗೆಯುತ್ತದೆ, ಗಾಡಿ ಮಾತ್ರ ಚಾಲು ಆಗದು. ಯಾಕೆಂದರೆ ಹಲವು ಚಾವಿಗಳಲ್ಲಿ ಚಿಪ್ ಪ್ಲೇಟಿನ ಮೇಲೆ ಇರುವುದಿಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕರಿ ತುಂಡು ಅಥವಾ ಗಾಜಿನ ಕೊಳವೆ, ಕವಚದ ಮೂಲೆಯಲ್ಲಿ ಬೇರೆಯಾಗಿ ಕೂತಿರುತ್ತದೆ. ಹಳೆಯ ಕವಚ ಎಸೆಯುವ ಮುಂಚೆ ಗಾಡಿ ಚಾಲು ಮಾಡಿ ನೋಡಿ.

ಹಳೆ ಗಾಡಿ ಕೊಳ್ಳುವಾಗ ನಾನು ಟೈರಿಗಿಂತ ಮೊದಲು ಚಾವಿ ಎಷ್ಟಿವೆ ಅಂತ ಕೇಳುತ್ತೇನೆ. ಒಂದೇ ಇದ್ದರೆ ಬೆಲೆಯಲ್ಲಿ ಅದನ್ನು ಹಿಡಿಯುತ್ತೇನೆ. ಬರೀ ಹಲ್ಲು ಕೊರೆಸುವುದು ಅಗ್ಗ. ಚಿಪ್ ಚಾವಿ ಮಾಡಿಸಿ ಸ್ಕ್ಯಾನರ್ ಹಚ್ಚಿ ಗಾಡಿಗೆ ಪರಿಚಯ ಮಾಡಿಸಬೇಕೆಂದರೆ ಸಾವಿರಗಟ್ಟಲೆ. ಇರುವ ಒಂದೂ ಕಳೆದರೆ ಖರ್ಚು ಇನ್ನೂ ಏರುತ್ತದೆ. ಜೋಡಿಸುವವರಿಗೆ ಒಂದು ಮಾತು ಹೇಳಿಬಿಡಿ: "ಹಳೇ ನೋಂದಣಿ ಎಲ್ಲಾ ಅಳಿಸಿ, ನನ್ನ ಕೈಯಾಗಿನವು ಮಾತ್ರ ಇಡ್ರಿ." ಹಿಂದಿನ ಮಾಲೀಕರ ಮನೆಯಲ್ಲೋ ಇನ್ನೆಲ್ಲೋ ಉಳಿದ ಚಾವಿಯಿಂದ ಇಂಜಿನ್ ಆಗ ಚಾಲು ಆಗುವುದಿಲ್ಲ. ಬಾಗಿಲಿನ ಬೀಗವೇನೋ ಆ ಪಟ್ಟಿಗೆ ತೆಗೆಯುತ್ತದೆ, ಅದು ನೆನಪಿರಲಿ.

ಸೈರನ್ ಬಗ್ಗೆ ಹೇಳಲು ಬಹಳ ಇದೆ. ನನ್ನ ಸೆಡಾನ್‌ಗೆ ಹೊರಗಿನಿಂದ ಹಾಕಿಸಿದ ಅಲಾರಂ ಇದೆ, ಅದರಲ್ಲಿ ಶಾಕ್ ಸೆನ್ಸರ್. ಗಾಡಿ ಅಲುಗಿದರೆ ಒದರುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುತ್ತಾರಲ್ಲ, ಆ ಸದ್ದಿಗೆ ಸುತ್ತಲಿನ ಓಣಿಗಳಲ್ಲಿ ಎಷ್ಟು ಗಾಡಿ ಒದರುತ್ತವೆ ಅಂತ ಕೇಳಿದವರಿಗೇ ಗೊತ್ತು. ಡೊಳ್ಳು ಹತ್ತಿರ ಬಂದರೂ ಅಷ್ಟೇ, ಲೋಡ್ ಲಾರಿ ಪಕ್ಕದಲ್ಲಿ ಹೋದರೂ ಅಷ್ಟೇ. ಬಹಳ ಮಂದಿ ಬೇಸತ್ತು ತಂತಿಯನ್ನೇ ಕೀಳಿಸುತ್ತಾರೆ. ಅದರ ಅವಶ್ಯಕತೆ ಇಲ್ಲ. ಸೆನ್ಸರ್ ಒಂದು ಸಣ್ಣ ಡಬ್ಬಿ, ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಕೆಳಗೆ ಕಟ್ಟಿರುತ್ತಾರೆ. ಅದರ ಮೇಲೆ ತಿರುಗಿಸುವ ಸಣ್ಣ ಸ್ಕ್ರೂ ಇರುತ್ತದೆ, ಎಷ್ಟು ಸೂಕ್ಷ್ಮ ಇರಬೇಕು ಅಂತ ಅದರಲ್ಲೇ ಹೊಂದಿಸುವುದು. ಸ್ವಲ್ಪ ಕಡಿಮೆ ಮಾಡಿ, ಗಾಡಿ ಲಾಕ್ ಮಾಡಿ, ಅರ್ಧ ನಿಮಿಷ ಬಿಟ್ಟು ಕಿಟಕಿಯ ಮೇಲೆ ಅಂಗೈಯಿಂದ ತಟ್ಟಿ ನೋಡಿ. ಮೆಲ್ಲಗೆ ತಟ್ಟಿದರೆ ಸುಮ್ಮನಿರಬೇಕು, ಜೋರಾಗಿ ಗುದ್ದಿದರೆ ಒದರಬೇಕು. ಅಲ್ಲಿಗೆ ನಿಲ್ಲಿಸಿ.

ಸೆನ್ಸರ್ ಸರಿ ಮಾಡಿದರೂ ರಾತ್ರಿ ಕಾರಣವಿಲ್ಲದೆ ಒದರಿದರೆ ಬಾಗಿಲು, ಡಿಕ್ಕಿ, ಬಾನೆಟ್ ಸ್ವಿಚ್ ನೋಡಿ. ಬಾಗಿಲು ಹಾಕಿದೆ ಅಂತ ಗಾಡಿಗೆ ತಿಳಿಸುವುದು ಅವೇ. ಬಾನೆಟ್ ಸ್ವಿಚ್ಚಿಗೆ ಧೂಳು, ತುಕ್ಕು ಹಿಡಿದರೆ ಗಾಡಿ ಬಾನೆಟ್ ತೆಗೆದಿದೆ ಅಂದುಕೊಳ್ಳುತ್ತದೆ. ಒಳಗಿನ ದೀಪ ತಾನೇ ಹತ್ತಿ ಆರಿದರೆ ಬಾಗಿಲಿನ ಸ್ವಿಚ್ ಮೇಲೆ ಅನುಮಾನ ಪಡಿ. ಸೋತ ಬ್ಯಾಟರಿಯೂ ಒಂದು ಕಾರಣ. ವೋಲ್ಟೇಜ್ ಇಳಿದಾಗ ಕೆಲವು ಅಲಾರಂಗಳು ಯಾರೋ ತಂತಿ ಕಿತ್ತರು ಅಂದುಕೊಂಡು ಕೂಗುತ್ತವೆ.

ಪ್ರವಾಸಿಗರ ಗಾಡಿಯಲ್ಲಿ ಇನ್ನೊಂದು ಪೇಚು ಇದೆ. ಬಾದಾಮಿಯಲ್ಲಿ ಎಲ್ಲರೂ ಗುಹೆಯ ಮೆಟ್ಟಿಲು ಹತ್ತುತ್ತಾರೆ. ಮೊಣಕಾಲು ನೋವಿನ ಅಜ್ಜಿ "ನಾ ಇಲ್ಲೇ ಕೂಡತೀನಪಾ" ಅಂತಾರೆ. ಡ್ರೈವರ್ ಚಹಾಕ್ಕೆ ಹೋಗುತ್ತ ರೂಢಿಯಂತೆ ರಿಮೋಟ್ ಒತ್ತುತ್ತಾನೆ. ಅಜ್ಜಿಗೆ ಸೆಕೆಯಾಗಿ ಒಳಗಿಂದ ಬಾಗಿಲು ತೆಗೆದ ಕೂಡಲೇ ಸೈರನ್! ಗಾಡಿಗೆ ಅದು ಅಜ್ಜಿ ಅಂತ ಗೊತ್ತಿಲ್ಲ, ರಿಮೋಟ್ ಇಲ್ಲದೆ ಬಾಗಿಲು ತೆಗೆಯಿತು ಅಷ್ಟೇ ಗೊತ್ತು. ಹಿರಿಯರು ಹೆದರಿ ಬೆವರುತ್ತಾರೆ. ನಾನು ಒಳಗೆ ಯಾರಾದರೂ ಇದ್ದರೆ ರಿಮೋಟ್ ಮುಟ್ಟುವುದೇ ಇಲ್ಲ. ಗಾಜು ಇಳಿಸಿ, ನೆರಳಿಗೆ ನಿಲ್ಲಿಸಿ, ಲಾಕ್ ಬೇಕೇ ಬೇಕು ಅಂದರೆ ಒಳಗಿನ ಬಟನ್ ಹೇಗೆ ಅಂತ ಅವರಿಗೇ ತೋರಿಸುತ್ತೇನೆ. ಸಣ್ಣ ಮಕ್ಕಳನ್ನಂತೂ ಗಾಡಿಯಲ್ಲಿ ಒಬ್ಬರನ್ನೇ ಬಿಡಲು ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಗಾಜು ಏರಿಸಿದ ಗಾಡಿಯ ಒಳಗೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ರಿಮೋಟಿನಲ್ಲಿ ಅನ್‌ಲಾಕ್ ಮಾಡಿ ಬಾಗಿಲು ತೆಗೆಯದೆ ನಿಂತರೆ ಸುಮಾರು ಅರ್ಧ ನಿಮಿಷಕ್ಕೆ ಬಹಳ ಗಾಡಿಗಳು ತಾವೇ ಮತ್ತೆ ಲಾಕ್ ಆಗುತ್ತವೆ. ಹೊಸಬರು ಇದನ್ನು ದೋಷ ಅಂದುಕೊಳ್ಳುತ್ತಾರೆ. ಜೇಬಿನಲ್ಲಿ ಬಟನ್ ತಾನೇ ಒತ್ತಿಕೊಂಡರೆ ಗಾಡಿ ತೆರೆದು ಬಿದ್ದಿರಬಾರದು ಅಂತ ಆ ಏರ್ಪಾಡು. ಚಾವಿಯನ್ನು ಗಾಡಿಯೊಳಗೆ ಬಿಟ್ಟು ಡಿಕ್ಕಿ ಮುಚ್ಚುವ ಅಭ್ಯಾಸ ಮಾತ್ರ ಬೇಡ, ಗಾಡಿ ತಾನೇ ಲಾಕ್ ಆದರೆ ಚಾವಿ ಒಳಗೇ ಉಳಿಯುತ್ತದೆ.

ಬಟನ್ ಗಾಡಿಯ ಚಾವಿ ಸೆಲ್ ಸತ್ತರೆ ಗಾಬರಿ ಬೇಡ. ಚಾವಿಯ ಪಕ್ಕದ ಸಣ್ಣ ಗುಂಡಿ ಜಾರಿಸಿದರೆ ಒಳಗಿಂದ ಕಬ್ಬಿಣದ ಚಾವಿ ಬರುತ್ತದೆ. ಡ್ರೈವರ್ ಬಾಗಿಲಿನ ಹಿಡಿಕೆಯಲ್ಲಿ ಅದರ ತೂತು ಇರುತ್ತದೆ. ಕೆಲವು ಗಾಡಿಯಲ್ಲಿ ಅದರ ಮೇಲೆ ಮುಚ್ಚಳ, ಅದನ್ನು ಮೊದಲು ತೆಗೆಯಬೇಕು. ಹಾಗೆ ತೆಗೆದಾಗ ಅಲಾರಂ ಒದರಬಹುದು. ಒದರಲಿ ಬಿಡಿ. ಒಳಗೆ ಕೂತು, ಬ್ರೇಕ್ ಅಥವಾ ಕ್ಲಚ್ ಒತ್ತಿ ಹಿಡಿದು, ಚಾವಿಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿ. ಚಿಪ್ಪಿಗೆ ಸೆಲ್ ಬೇಡ ಅಂದೆನಲ್ಲ, ಇಲ್ಲೂ ಅದೇ ಲೆಕ್ಕ. ಕೆಲವು ಗಾಡಿಯಲ್ಲಿ ಚಾವಿ ಇಡುವ ಜಾಗ ಬೇರೆ ಕಡೆ ಇರುತ್ತದೆ, ಗಾಡಿ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಇದೆ. ಇಂಜಿನ್ ಚಾಲು ಆದರೆ ಸೈರನ್ ನಿಲ್ಲುತ್ತದೆ. ಸತ್ತಿದ್ದು ಚಾವಿಯ ಸೆಲ್ ಅಲ್ಲ, ಗಾಡಿಯ ಬ್ಯಾಟರಿಯೇ ಅಂದರೂ ಒಳಗೆ ಹೋಗಲು ಆ ಕಬ್ಬಿಣದ ಚಾವಿಯೇ ಗತಿ. ಹಾಗಾಗಿ ಅದರ ಬೀಗವನ್ನು ಆಗಾಗ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಗ್ರಾಫೈಟ್ ಪುಡಿ ಹಾಕಿ. ಕೊಬ್ಬರಿ ಎಣ್ಣೆ ಬೇಡ, ನಮ್ಮ ಧೂಳು ಅದಕ್ಕೆ ಅಂಟಿ ಇನ್ನೂ ಗಟ್ಟಿಯಾಗುತ್ತದೆ.

ಕಳ್ಳರ ವಿಷಯ. ಜನಜಂಗುಳಿಯ ಪಾರ್ಕಿಂಗಿನಲ್ಲಿ ರಿಮೋಟ್ ಒತ್ತುವ ಹೊತ್ತಿಗೆ ಬೇರೆ ರೇಡಿಯೊದಿಂದ ಅಡ್ಡಿ ಮಾಡಿದರೆ ಗಾಡಿ ಲಾಕ್ ಆಗಿರುವುದಿಲ್ಲ, ನಾವು ಆಗಿದೆ ಅಂದುಕೊಂಡು ಹೋಗುತ್ತೇವೆ. ಅದಕ್ಕೇ ಇಂಡಿಕೇಟರ್ ಮಿನುಗಿದ್ದು ನೋಡಿ, ಹಿಡಿಕೆ ಎಳೆದು ನೋಡಿಯೇ ಹೋಗುತ್ತೇನೆ. ಬಟನ್ ಗಾಡಿಗೆ ಇನ್ನೊಂದು ಅಪಾಯ. ಅದರ ಚಾವಿ ಹತ್ತಿರ ಇದ್ದರೆ ಸಾಕು, ಹಿಡಿಕೆಯ ಬಟನ್ ಒತ್ತಿದರೆ ಬಾಗಿಲು ತೆಗೆಯುತ್ತದೆ. ಮನೆಯೊಳಗಿನ ಚಾವಿಗೂ ಹೊರಗಿನ ಗಾಡಿಗೂ ನಡುವೆ ಸಿಗ್ನಲ್ ದಾಟಿಸುವ ಯಂತ್ರ ಹಿಡಿದು ಇಬ್ಬರು ಬಂದರೆ ಚಾವಿ ಮುಟ್ಟದೆಯೇ ಬಾಗಿಲು ತೆಗೆಯಬಹುದು. ಚಾವಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುವುದನ್ನು ನಾನು ಬಿಟ್ಟಿದ್ದೇನೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಎಲ್ಲ ಡಬ್ಬಿಯೂ ನಡೆಯುವುದಿಲ್ಲ. ಚಾವಿ ಹಾಕಿ ಮುಚ್ಚಿ, ಡಬ್ಬಿ ಹಿಡಿದು ಗಾಡಿ ಹತ್ತಿರ ಹೋಗಿ ಹಿಡಿಕೆಯ ಬಟನ್ ಒತ್ತಿ. ಬಾಗಿಲು ತೆಗೆದರೆ ಡಬ್ಬಿ ಬದಲಿಸಿ.

ಎರಡನೇ ಚಾವಿ ಗಾಡಿಯ ಗ್ಲೌಬಾಕ್ಸಿನಲ್ಲಿ ಇಡುವವರು ಇನ್ನೂ ಇದ್ದಾರೆ. ಗಾಡಿ ಕಳುವಾದರೆ ವಿಮೆಯವರು ಪೊಲೀಸ್ ದೂರು, ಆರ್‌ಸಿ ಜೊತೆಗೆ ಎರಡೂ ಮೂಲ ಚಾವಿ ಕೇಳುತ್ತಾರೆ. ಒಂದೇ ಕೊಟ್ಟರೆ ಇನ್ನೊಂದು ಎಲ್ಲಿ ಅನ್ನುವ ಪ್ರಶ್ನೆಯಲ್ಲೇ ಕೆಲಸ ಜಗ್ಗುತ್ತದೆ. ಹೊರಗಿನ ಅಲಾರಂ ಹಾಕಿಸುವವರು ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿಗೆ ಇರುವುದನ್ನೇ ಹಾಕಿಸಿ ಬಿಲ್ ಇಟ್ಟುಕೊಳ್ಳಿ, ವಿಮೆಯ ಕಂತಿನಲ್ಲಿ ಸಣ್ಣ ರಿಯಾಯಿತಿ ಕೇಳಬಹುದು. ಹೊಸ ಗಾಡಿಯ ತಂತಿ ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತೊಂದರೆ, ಹೊಂದುವ ಪ್ಲಗ್ ಇರುವ ಸೆಟ್ ಕೇಳಿ. ನನ್ನ ಎರಡನೇ ಚಾವಿಗಳು ಮನೆಯ ತಿಜೋರಿಯಲ್ಲಿವೆ. ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವ ದಿನ ಅವುಗಳಲ್ಲೇ ಚಾಲು ಮಾಡುತ್ತೇನೆ, ಸೆಲ್ ಹೇಗಿದೆ ಅಂತಲೂ ಗೊತ್ತಾಗುತ್ತದೆ.